ಹೊಸ ಕಟ್ಟಡ ಸಾಮಗ್ರಿಯನ್ನು ಜನ ಒಪ್ಪಬೇಕಾದರೆ ಹೆಸರು, ಚಿತ್ರಗಳು ಎಷ್ಟು ಕೆಲಸ ಮಾಡುತ್ತವೆ?

ಪ್ರಶ್ನೆ: ನಾವು ಕೆಲವರು ಸೇರಿ, ಕೊಯ್ಲಿನ ನಂತರ ಉಳಿಯುವ ಒಣ ಕಾಂಡದ ಚೂರುಗಳನ್ನು ಸುಣ್ಣದೊಂದಿಗೆ ಬೆರೆಸಿ, ಗೋಡೆ ಕಟ್ಟುವ ಹಗುರವಾದ ಬ್ಲಾಕ್ ತಯಾರಿಸುತ್ತಿದ್ದೇವೆ. ಪ್ರಯೋಗಾಲಯದ ವರದಿಗಳು ಚೆನ್ನಾಗಿಯೇ ಇವೆ. ಆದರೆ ಮನೆ ಕಟ್ಟಿಸುವವರು ಇದನ್ನು ‘ಹುಲ್ಲಿನ ಇಟ್ಟಿಗೆ’ ಎಂದು ನಕ್ಕು ಬಿಡುತ್ತಾರೆ. ಎಂಜಿನಿಯರುಗಳು ವರದಿ ನೋಡಿ ತಲೆಯಾಡಿಸುತ್ತಾರೆ, ನಕ್ಷೆಯಲ್ಲಿ ಮಾತ್ರ ಹಳೆಯ ಸಾಮಗ್ರಿಯನ್ನೇ ಬರೆಯುತ್ತಾರೆ. ಒಳ್ಳೆಯ ಹೆಸರಿಟ್ಟು, ಸುಂದರವಾದ ಚಿತ್ರಗಳಿರುವ ಪುಸ್ತಿಕೆ ಮಾಡಿಸಿದರೆ ಸಾಕೆಂದು ಪ್ರಚಾರದವರು ಹೇಳುತ್ತಾರೆ. ಇದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ, ಅಥವಾ ಇದು ಬರಿಯ ಜಾಹೀರಾತೇ?

ಉತ್ತರ: ಹೆಸರು ಮತ್ತು ಚಿತ್ರಗಳಿಂದ ನಿಜಕ್ಕೂ ಬಹಳ ಬದಲಾಗುತ್ತದೆ. ಆದರೆ ನಿಮ್ಮ ಪ್ರಚಾರದವರು ಹೇಳುವ ಬಗೆಯ ಹೆಸರಿನಿಂದಾಗಲಿ, ಆ ಬಗೆಯ ಚಿತ್ರಗಳಿಂದಾಗಲಿ ಅದು ಆಗುವುದು ಕಡಿಮೆ. ಕಟ್ಟಡ ಸಾಮಗ್ರಿಯನ್ನು ಕೊಂಡು ನೋಡಿ, ಹಿಡಿಸದಿದ್ದರೆ ಹಿಂದಿರುಗಿಸಲು ಬರುವುದಿಲ್ಲ. ಅದರ ದೋಷ ಕಾಣಿಸಿಕೊಳ್ಳುವುದು ಹತ್ತಿಪ್ಪತ್ತು ವರ್ಷಗಳ ಮೇಲೆ. ಹಣ ಕೊಡುವವರು, ಅದನ್ನು ಆಯ್ಕೆ ಮಾಡುವವರು, ಕೈಯಾರೆ ಕಟ್ಟುವವರು, ಅನುಮತಿ ನೀಡುವವರು, ಅದರೊಳಗೆ ಬಾಳುವವರು ಬಹಳ ಸಲ ಬೇರೆ ಬೇರೆ ಜನ. ಹೀಗಿರುವಾಗ ಹೊಸ ಸಾಮಗ್ರಿಯನ್ನು ಯಾರೂ ಅದರಷ್ಟಕ್ಕೇ ಅಳೆಯುವುದಿಲ್ಲ. ತಮಗೆ ಗೊತ್ತಿರುವ ಯಾವುದೋ ಹಳೆಯ ಸಾಮಗ್ರಿಯ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಪಕ್ಕದಲ್ಲಿ ನಿಲ್ಲುವ ಆ ಹಳೆಯ ಸಾಮಗ್ರಿ ಯಾವುದು ಎಂಬುದನ್ನು ತೀರ್ಮಾನಿಸುವುದೇ ಹೆಸರು ಮತ್ತು ಚಿತ್ರ. ನಿಮ್ಮ ಬ್ಲಾಕ್ ಈಗ ಹುಲ್ಲಿನ ಪಕ್ಕದಲ್ಲಿ ನಿಂತಿದೆ. ಅದನ್ನು ಅಲ್ಲಿಂದ ಎಬ್ಬಿಸಿ ಎಲ್ಲಿ ನಿಲ್ಲಿಸಬೇಕು, ಅಲ್ಲಿ ನಿಲ್ಲುವ ಯೋಗ್ಯತೆಯನ್ನು ಹೇಗೆ ತೋರಿಸಬೇಕು ಎಂಬುದು ನಿಮ್ಮ ಮುಂದಿರುವ ಕೆಲಸ.

ಇಂದು ಯಾರಿಗೂ ಅನುಮಾನ ಬಾರದ ಒಂದು ಹೆಸರನ್ನು ತೆಗೆದುಕೊಳ್ಳೋಣ. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸಗಾರ ತಾನು ಸುಟ್ಟು ಪುಡಿ ಮಾಡಿದ ಸುಣ್ಣಕಲ್ಲು ಮತ್ತು ಜೇಡಿಯ ಮಿಶ್ರಣಕ್ಕೆ ಪೇಟೆಂಟ್ ಪಡೆದು, ಅದನ್ನು ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂದು ಕರೆದನು. ಪೋರ್ಟ್‌ಲ್ಯಾಂಡ್ ಎಂಬುದು ಆ ದೇಶದ ದಕ್ಷಿಣ ತೀರದ ಒಂದು ಕಲ್ಲುಗಣಿ ಪ್ರದೇಶ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಅಲ್ಲಿನ ಕಲ್ಲಿನಿಂದ ಕಟ್ಟಿದ್ದು. ಅದಕ್ಕೂ ಹಿಂದೆ, 1750ರ ದಶಕದಲ್ಲಿ, ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಿದ ಜಾನ್ ಸ್ಮೀಟನ್ ತಾನು ಕಂಡುಕೊಂಡ ಗಾರೆಯ ಗಟ್ಟಿತನವನ್ನು ಇದೇ ಕಲ್ಲಿಗೆ ಹೋಲಿಸಿದ್ದನು. ಆಸ್ಪ್‌ಡಿನ್ ಆ ಹೋಲಿಕೆಯನ್ನೇ ಹೆಸರನ್ನಾಗಿ ಮಾಡಿಕೊಂಡನು. ಪೇಟೆಂಟಿನ ಶೀರ್ಷಿಕೆಯಲ್ಲಿಯೂ ಅವನು ಹೇಳಿಕೊಂಡದ್ದು ‘ಕೃತಕ ಕಲ್ಲು’ ತಯಾರಿಸುವ ವಿಧಾನದ ಸುಧಾರಣೆಯೆಂದೇ. ಅವನ ಪುಡಿ ಇಂದಿನ ಸಿಮೆಂಟಿನಷ್ಟು ಬಿಸಿಯಲ್ಲಿ ಸುಟ್ಟದ್ದಲ್ಲ, ಅಷ್ಟು ಗಟ್ಟಿಯೂ ಆಗಿರಲಿಲ್ಲ. ಇಂದಿನದಕ್ಕೆ ಹತ್ತಿರವಾದ ಸಿಮೆಂಟು ಬಂದದ್ದು 1840ರ ದಶಕದಲ್ಲಿ, ಅವನ ಮಗ ವಿಲಿಯಂನ ಕಾಲಕ್ಕೆ. ಸಾಮಗ್ರಿ ಬದಲಾಯಿತು, ಹೆಸರು ಹಾಗೆಯೇ ಉಳಿಯಿತು. ಆಸ್ಪ್‌ಡಿನ್‌ನಿಗೂ ಮುಂಚೆ, 1796ರಲ್ಲಿ, ಜೇಮ್ಸ್ ಪಾರ್ಕರ್ ಪೇಟೆಂಟ್ ಪಡೆದ ಗಾರೆಯೊಂದು ‘ರೋಮನ್ ಸಿಮೆಂಟ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ರೋಮನ್ನರು ಬಳಸಿದ ಸುಣ್ಣ ಮತ್ತು ಜ್ವಾಲಾಮುಖಿ ಬೂದಿಯ ಗಾರೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಎರಡು ಸಾವಿರ ವರ್ಷ ನಿಂತ ಕಟ್ಟಡಗಳ ನೆನಪನ್ನು ಕೊಳ್ಳುವವನ ಮನಸ್ಸಿನಲ್ಲಿ ತರುವುದಷ್ಟೇ ಆ ಹೆಸರಿನ ಕೆಲಸವಾಗಿತ್ತು.

ಈ ಉದಾಹರಣೆಗಳನ್ನು ನೋಡಿ ನೀವೂ ಗಟ್ಟಿಯಾದ ಯಾವುದಾದರೂ ಹಳೆಯ ಹೆಸರನ್ನು ಎರವಲು ಪಡೆಯಬಹುದೆಂದು ಅನ್ನಿಸಬಹುದು. ನಾನು ಅದನ್ನು ಸಲಹೆ ಮಾಡುವುದಿಲ್ಲ. ಅದಕ್ಕೆ ಕಾರಣ ನಿಮ್ಮ ಬ್ಲಾಕಿಗೆ ಅತ್ಯಂತ ಹತ್ತಿರದ ಸಾಮಗ್ರಿಯಾದ ಹೆಂಪ್‌ಕ್ರೀಟ್‌ನಲ್ಲಿಯೇ ಇದೆ. ಹೆಂಪ್ ಗಿಡದ ಕಾಂಡದ ತಿರುಳಿನ ಚೂರುಗಳನ್ನು ಸುಣ್ಣದಲ್ಲಿ ಕಲಸಿ ಗೋಡೆ ತುಂಬುವ ಪದ್ಧತಿ ಫ್ರಾನ್ಸಿನಲ್ಲಿ 1980ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಕಾಂಕ್ರೀಟಿನ ಹೆಸರಿನ ಬಾಲವನ್ನು ಅದಕ್ಕೆ ಅಂಟಿಸಿದ್ದರಿಂದ ಅದು ಬೇಗ ಜನರ ಬಾಯಿಗೆ ಬಂದಿತೆಂಬುದು ನಿಜ. ಆದರೆ ಕಾಂಕ್ರೀಟು ಎಂಬ ಮಾತು ಕೇಳಿದೊಡನೆ ಕೇಳುಗನಿಗೆ ತೊಲೆ, ಕಂಬ, ಚಾವಣಿಗಳು ನೆನಪಾಗುತ್ತವೆ. ಸಾಧಾರಣ ಕಟ್ಟಡದ ಕಾಂಕ್ರೀಟು ಒತ್ತಡದಲ್ಲಿ 20 ಮೆಗಾಪಾಸ್ಕಲ್ ಅಥವಾ ಅದಕ್ಕಿಂತ ಹೆಚ್ಚು ತಾಳುತ್ತದೆ. ಗೋಡೆಗೆ ತುಂಬುವ ಹೆಂಪ್‌ಕ್ರೀಟು ಸಾಮಾನ್ಯವಾಗಿ 1 ಮೆಗಾಪಾಸ್ಕಲ್ಲನ್ನೂ ಮುಟ್ಟುವುದಿಲ್ಲ. ಅದರ ಗುಣವಿರುವುದು ಬೇರೆ ಕಡೆ: ಹಗುರ, ಉಷ್ಣವನ್ನು ತಡೆಯುವುದು, ಗಾಳಿಯ ತೇವವನ್ನು ಹೀರಿ ಬಿಡುವುದು. ಹೀಗಾಗಿ ಅದನ್ನು ಮಾರುವವರು ಮೊದಲ ಹತ್ತು ನಿಮಿಷ ಹೆಸರು ಹುಟ್ಟಿಸಿದ ನಿರೀಕ್ಷೆಯನ್ನು ಬಿಡಿಸುವುದರಲ್ಲಿಯೇ ಕಳೆಯಬೇಕಾಗುತ್ತದೆ. ಅಮೆರಿಕದ ವಾಸದ ಮನೆಗಳ ಮಾದರಿ ನಿಯಮಾವಳಿಯ 2024ರ ಆವೃತ್ತಿಯಲ್ಲಿ ಈ ಪದ್ಧತಿಗೆ ಒಂದು ಅನುಬಂಧ ದೊರೆತಾಗ, ನಿಯಮ ಬರೆದವರು ಶೀರ್ಷಿಕೆಯಲ್ಲಿ ‘ಹೆಂಪ್-ಸುಣ್ಣ’ ಎಂಬ ಘಟಕಗಳ ಹೆಸರನ್ನು ಮೊದಲಿಟ್ಟು, ಹೆಂಪ್‌ಕ್ರೀಟ್ ಎಂಬುದನ್ನು ಆವರಣದೊಳಗೆ ಹಾಕಿದರು. ಆ ಕ್ರಮವನ್ನು ನೀವು ಗಮನಿಸಬೇಕು. ಎರವಲು ಹೆಸರು ಬಾಗಿಲು ತೆರೆಸುತ್ತದೆ, ಆದರೆ ಮೂಲ ಸಾಮಗ್ರಿಯ ಎಲ್ಲ ಜವಾಬ್ದಾರಿಗಳನ್ನೂ ಹೊಸದರ ತಲೆಯ ಮೇಲೆ ಹೊರಿಸುತ್ತದೆ.

ಚಿತ್ರಗಳ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಎರಕದ ಕಬ್ಬಿಣದಿಂದ ಕಟ್ಟಿದ ಮೊದಲ ದೊಡ್ಡ ಸೇತುವೆ ಇಂಗ್ಲೆಂಡಿನಲ್ಲಿ ಸೆವರ್ನ್ ನದಿಯ ಮೇಲೆ 1779ರಲ್ಲಿ ಎದ್ದು ನಿಂತು, 1781ರ ಜನವರಿ 1ರಂದು ಸಂಚಾರಕ್ಕೆ ತೆರೆಯಿತು. ಅದನ್ನು ಕಟ್ಟಿಸಿದ ಮೂರನೆಯ ಅಬ್ರಹಾಂ ಡಾರ್ಬಿ ಕಬ್ಬಿಣದ ಕುಲುಮೆಗಳ ಒಡೆಯ. ಅವನಿಗೆ ಸೇತುವೆಯಷ್ಟೇ ಅದರ ಕೀರ್ತಿಯೂ ಬೇಕಾಗಿತ್ತು. ಸಂಚಾರ ಆರಂಭವಾಗುವ ಮೊದಲೇ ಅವನು ವಿಲಿಯಂ ವಿಲಿಯಮ್ಸ್ ಎಂಬ ಕಲಾವಿದನಿಗೆ ಹಣ ಕೊಟ್ಟು ಅದರ ವರ್ಣಚಿತ್ರ ಬರೆಸಿದನು. ಮುಂದೆ ಮೈಕಲ್ ಆಂಜೆಲೊ ರೂಕರ್‌ನ ಚಿತ್ರವನ್ನು ಆಧರಿಸಿದ ಮುದ್ರಿತ ಪ್ರತಿಗಳು ದೂರದೂರಕ್ಕೆ ಹೋದವು. ಸೇತುವೆಯನ್ನು ಎಂದೂ ಕಾಣದ ಎಂಜಿನಿಯರುಗಳು ಆ ಮುದ್ರಣಗಳ ಮೂಲಕವೇ ಕಬ್ಬಿಣದ ಕಮಾನನ್ನು ಕಂಡರು. ಆ ಸೇತುವೆಯ ಕೀಲುಗಳನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ: ಕಬ್ಬಿಣದ ತುಂಡುಗಳನ್ನು ಜೋಡಿಸಿರುವುದು ಬಡಗಿಗಳು ಮರ ಜೋಡಿಸುವಂತೆ, ಗುಳಿಗೆ ನಾಲಗೆ ಕೂರಿಸಿ, ಬೆಣೆ ಹೊಡೆದು. ಕಬ್ಬಿಣಕ್ಕೆ ತಕ್ಕ ಜೋಡಣೆ ಆಗಿನ್ನೂ ಹುಟ್ಟಿರಲಿಲ್ಲವೆಂಬುದು ಇದಕ್ಕೆ ಮುಖ್ಯ ಕಾರಣ. ಆದರೂ ಪರಿಚಿತ ರೂಪದಲ್ಲಿ ಬಂದ ಹೊಸ ಸಾಮಗ್ರಿ ನೋಡುವವನಿಗೆ ಕಡಿಮೆ ಅಂಜಿಕೆ ಹುಟ್ಟಿಸುತ್ತದೆಂಬುದೂ ಸುಳ್ಳಲ್ಲ.

1850ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಕಟ್ಟಡ ಬೇಕಾದಾಗ, ಸಮಿತಿಯವರೇ ಸಿದ್ಧಪಡಿಸಿದ್ದ ಇಟ್ಟಿಗೆಯ ಭಾರಿ ಗುಮ್ಮಟದ ನಕ್ಷೆ ಎಲ್ಲರ ಟೀಕೆಗೆ ಗುರಿಯಾಗಿತ್ತು. ಗಿಡಗಳ ಗಾಜಿನ ಮನೆಗಳನ್ನು ಕಟ್ಟಿ ಹೆಸರಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನ ತನ್ನ ಯೋಜನೆಯ ಚಿತ್ರವನ್ನು, ಸಮಿತಿಯ ಒಪ್ಪಿಗೆ ಸಿಗುವ ಮುನ್ನವೇ, ಜುಲೈ 6ರಂದು ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದನು. ಜನಾಭಿಪ್ರಾಯ ಅವನ ಕಡೆಗೆ ವಾಲಿತು. ಅದೇ ತಿಂಗಳಲ್ಲಿ ಸಮಿತಿಯೂ ಒಪ್ಪಿತು. ಆ ಕಟ್ಟಡಕ್ಕೆ ಅಂಟಿಕೊಂಡ ‘ಕ್ರಿಸ್ಟಲ್ ಪ್ಯಾಲೇಸ್’, ಅಂದರೆ ಸ್ಫಟಿಕದ ಅರಮನೆ, ಎಂಬ ಹೆಸರು ಪ್ಯಾಕ್ಸ್‌ಟನ್ ಇಟ್ಟದ್ದಲ್ಲ, ‘ಪಂಚ್’ ಎಂಬ ಹಾಸ್ಯಪತ್ರಿಕೆಯಿಂದ ಬಂದದ್ದು. ನಿಮ್ಮ ಬ್ಲಾಕಿಗೆ ‘ಹುಲ್ಲಿನ ಇಟ್ಟಿಗೆ’ ಎಂಬ ಅಡ್ಡಹೆಸರು ಬಿದ್ದದ್ದಕ್ಕೆ ಅಷ್ಟೊಂದು ನೊಂದುಕೊಳ್ಳಬೇಕಾಗಿಲ್ಲವೆಂದು ನಾನು ಹೇಳಲು ಇದೂ ಒಂದು ಕಾರಣ.

ಆದರೆ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಚಿತ್ರವೆಂದರೆ 1887ರಲ್ಲಿ ಫೋರ್ತ್ ಸೇತುವೆಯ ಎಂಜಿನಿಯರಾದ ಬೆಂಜಮಿನ್ ಬೇಕರ್ ತನ್ನ ಉಪನ್ಯಾಸಕ್ಕಾಗಿ ತೆಗೆಸಿದ ಛಾಯಾಚಿತ್ರ. ಸ್ಕಾಟ್ಲೆಂಡಿನ ಟೇ ಸೇತುವೆ 1879ರ ಡಿಸೆಂಬರಿನ ಬಿರುಗಾಳಿಯಲ್ಲಿ ರೈಲಿನ ಸಮೇತ ಕುಸಿದ ಮೇಲೆ ಸೇತುವೆಗಳೆಂದರೆ ಜನರಿಗೆ ನಡುಕವಿತ್ತು. ಬ್ರಿಟನ್ನಿನಲ್ಲಿ ಸೇತುವೆಗಳಿಗೆ ಉಕ್ಕನ್ನು ಬಳಸಲು ಅಧಿಕೃತ ಅವಕಾಶ ದೊರೆತದ್ದೇ 1877ರಲ್ಲಿ. ಹೀಗಿರುವಾಗ ಫೋರ್ತ್ ನದೀಮುಖದ ಮೇಲೆ ಹಿಂದೆಂದೂ ಕಾಣದ ಗಾತ್ರದ ಉಕ್ಕಿನ ಸೇತುವೆ ಏಳುತ್ತಿತ್ತು. ಬೇಕರ್ ತೆಗೆಸಿದ ಚಿತ್ರದಲ್ಲಿ ಇಬ್ಬರು ಕುರ್ಚಿಗಳ ಮೇಲೆ ಕುಳಿತು ಎರಡೂ ಕೈಗಳನ್ನು ಚಾಚಿದ್ದಾರೆ. ಕುರ್ಚಿಗೆ ಊರಿದ ಕೋಲುಗಳು ಅವರ ಕೈಗಳಿಗೆ ಆಸರೆಯಾಗಿವೆ. ಹೊರಬದಿಯ ಕೈಗಳ ತುದಿಯಲ್ಲಿ ಇಟ್ಟಿಗೆಯ ರಾಶಿ ಎದುರುಭಾರವಾಗಿದೆ. ಒಳಬದಿಯ ಕೈಗಳ ನಡುವೆ ನೇತುಹಾಕಿದ ಹಲಗೆಯ ಮೇಲೆ ಕೈಚಿ ವಾತಾನಬೆ ಎಂಬ ಜಪಾನಿ ಎಂಜಿನಿಯರು ನೆಲ ಮುಟ್ಟದೆ ನಿರಾಳವಾಗಿ ಕುಳಿತಿದ್ದಾನೆ. ಎಲ್ಲಿ ಎಳೆತ, ಎಲ್ಲಿ ಒತ್ತು ಎಂಬುದನ್ನು ಲೆಕ್ಕ ಬಾರದವನೂ ತನ್ನ ತೋಳಿನಲ್ಲಿಯೇ ಅನುಭವಿಸಬಹುದು. ಈ ಚಿತ್ರದ ಉದ್ದೇಶ ಸೇತುವೆಯ ಅಂದವನ್ನು ತೋರಿಸುವುದಲ್ಲ. ಅದು ನಿಲ್ಲುವುದಕ್ಕೆ ಕಾರಣವನ್ನು ತೋರಿಸುತ್ತದೆ. ಮನೆಯಲ್ಲಿ ಎರಡು ಕುರ್ಚಿ, ನಾಲ್ಕು ಕೋಲು ಹಿಡಿದು ಯಾರು ಬೇಕಾದರೂ ಅದನ್ನು ಪರೀಕ್ಷಿಸಿಕೊಳ್ಳಬಹುದು. ಪುಸ್ತಿಕೆಗೆ ಚಿತ್ರ ಆರಿಸುವಾಗ ಈ ಮಾನದಂಡವನ್ನೇ ಇಟ್ಟುಕೊಳ್ಳಿರೆಂದು ನನ್ನ ಸಲಹೆ.

ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟಿನ ಕಥೆಯಲ್ಲಿ ಪದವೂ ಚಿತ್ರವೂ ಕೈ ಜೋಡಿಸಿದವು, ಅವುಗಳ ಮಿತಿಯೂ ಅಲ್ಲಿಯೇ ಬಯಲಾಯಿತು. 1892ರಲ್ಲಿ ಪೇಟೆಂಟ್ ಪಡೆದ ಫ್ರಾನ್ಸ್ವಾ ಎನ್ನೆಬಿಕ್ ತನ್ನ ಪದ್ಧತಿಯನ್ನು ರಸಾಯನ, ಗಣಿತಗಳ ಭಾಷೆಯಲ್ಲಿ ಮಾರಲಿಲ್ಲ. ‘ಇನ್ನು ಮುಂದೆ ಅಗ್ನಿದುರಂತಗಳಿಲ್ಲ’ ಎಂಬರ್ಥದ ಒಂದೇ ಘೋಷವಾಕ್ಯವನ್ನು ಹಿಡಿದನು. ಹತ್ತಿಯ ಗಿರಣಿಗಳೂ ಧಾನ್ಯದ ಉಗ್ರಾಣಗಳೂ ಮರದ ತೊಲೆಗಳೊಂದಿಗೆ ಸುಟ್ಟು ಬೂದಿಯಾಗುತ್ತಿದ್ದ ಕಾಲದಲ್ಲಿ ಗಿರಣಿಯ ಮಾಲೀಕನಿಗೆ ಬೇಕಾಗಿದ್ದ ಮಾತೇ ಅದು. 1898ರಿಂದ ಅವನ ಸಂಸ್ಥೆ ಸ್ವಂತ ಪತ್ರಿಕೆಯನ್ನು ಹೊರತಂದಿತು. ಅದರಲ್ಲಿ ಮುಗಿದ ಕಟ್ಟಡಗಳ ಛಾಯಾಚಿತ್ರಗಳೊಂದಿಗೆ ಭಾರ ಹೇರಿ ಪರೀಕ್ಷಿಸುವ ಚಿತ್ರಗಳೂ ಇದ್ದವು. ಆದರೆ 1901ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇದೇ ಪದ್ಧತಿಯಲ್ಲಿ ಕಟ್ಟುತ್ತಿದ್ದ ಹೋಟೆಲೊಂದು ಕುಸಿದು ಜೀವಹಾನಿಯಾಯಿತು. ಆಮೇಲೆ ನಂಬಿಕೆಯನ್ನು ಮರಳಿ ತಂದದ್ದು ಇನ್ನಷ್ಟು ಛಾಯಾಚಿತ್ರಗಳಲ್ಲ, 1903ರಲ್ಲಿ ಅಲ್ಲಿನ ಎಂಜಿನಿಯರುಗಳು ರೂಪಿಸಿದ ತಾತ್ಕಾಲಿಕ ನಿಯಮಗಳಂಥ ಒಣ ಬರಹಗಳು. ಒಂದು ಸಂಸ್ಥೆಯ ಗುಟ್ಟಾಗಿದ್ದ ಲೆಕ್ಕ ಎಲ್ಲ ಎಂಜಿನಿಯರುಗಳ ಸ್ವತ್ತಾದಾಗಲೇ ಕಾಂಕ್ರೀಟು ಎಲ್ಲರ ಸಾಮಗ್ರಿಯಾಯಿತು.

ಕಾಲ ಕಳೆದಂತೆ ಸಾಮಗ್ರಿ ಹೇಗೆ ಕಾಣುತ್ತದೆಂಬುದು ಬೇರೆಯೇ ಪ್ರಶ್ನೆ. ತುಕ್ಕೆಂದರೆ ನಾಶವೆಂದು ತಿಳಿದ ಜನರಿಗೆ ತುಕ್ಕು ಹಿಡಿದ ಉಕ್ಕಿನ ಕಟ್ಟಡವನ್ನು ಒಪ್ಪಿಸಿದ್ದು ಸಣ್ಣ ಸಾಹಸವಲ್ಲ. 1933ರಲ್ಲಿ ಮಾರುಕಟ್ಟೆಗೆ ಬಂದ, ಹೊರಮೈಯ ತುಕ್ಕೇ ಒಳಗನ್ನು ಕಾಯುವಂಥ ಕಾರ್ಟೆನ್ ಉಕ್ಕನ್ನು ಬಹುಕಾಲ ರೈಲಿನ ಸರಕು ಬಂಡಿಗಳಿಗೆ ಬಳಸುತ್ತಿದ್ದರು. ಅಮೆರಿಕದ ಮೊಲೀನ್‌ನಲ್ಲಿ 1964ರಲ್ಲಿ ಪೂರ್ಣಗೊಂಡ, ಈರೋ ಸಾರಿನೆನ್ ವಿನ್ಯಾಸದ ಜಾನ್ ಡಿಯರ್ ಕಚೇರಿ ಅದಕ್ಕೆ ವಾಸ್ತುಶಿಲ್ಪದಲ್ಲಿ ಸ್ಥಾನ ಕೊಟ್ಟಿತು. ನೇಗಿಲು, ಟ್ರಾಕ್ಟರುಗಳ ತಯಾರಕರಿಗೆ ಮಣ್ಣಿನ ಬಣ್ಣದ ಉಕ್ಕು ಒಪ್ಪುತ್ತದೆಂಬ ಮಾತೂ, ಮರಗಳ ನಡುವೆ ಅದು ಕಂದಾಗಿ ನಿಂತ ಛಾಯಾಚಿತ್ರಗಳೂ ತುಕ್ಕೆಂದರೆ ಉಕ್ಕನ್ನು ಕಾಯುವ ಪದರವೆಂದು ನೋಡಲು ಕಲಿಸಿದವು. ಆದರೆ ಆ ಪದರ ನೆಲೆಗೊಳ್ಳಬೇಕಾದರೆ ಉಕ್ಕು ಒದ್ದೆಯಾಗಿ ಮತ್ತೆ ಒಣಗುತ್ತಿರಬೇಕು. ಸದಾ ತೇವವಿರುವ ಕಡೆ ಅದು ತಿನ್ನುತ್ತಲೇ ಹೋಗುತ್ತದೆ. 1972ರಲ್ಲಿ ತೆರೆದ ಅಟ್ಲಾಂಟಾದ ಓಮ್ನಿ ಕ್ರೀಡಾಂಗಣದ ಹೊರಮೈ ಆ ಊರಿನ ತೇವದ ಹವೆಯಲ್ಲಿ ತೂತು ಬೀಳುವಷ್ಟು ತುಕ್ಕು ತಿಂದಿತು. 1997ರಲ್ಲಿ ಕಟ್ಟಡವನ್ನೇ ಕೆಡವಿದರು. ಸುಂದರ ಚಿತ್ರ ‘ಹೀಗೆ ಕಾಣುತ್ತದೆ’ ಎಂದು ಹೇಳಿತ್ತು, ‘ಯಾವ ಹವೆಯಲ್ಲಿ’ ಎಂಬುದನ್ನು ಹೇಳಿರಲಿಲ್ಲ.

ಬಡತನದ ಮುದ್ರೆಯ ಬಗ್ಗೆಯೂ ಒಂದು ಮಾತು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ ಲಕ್ಸರ್ ಸಮೀಪದ ಹೊಸ ಗೂರ್ನಾ ಗ್ರಾಮವನ್ನು 1946ರಿಂದ ಹಸಿ ಇಟ್ಟಿಗೆಯಲ್ಲಿ, ಕಮಾನು ಮತ್ತು ಗುಮ್ಮಟಗಳೊಂದಿಗೆ ಕಟ್ಟಿಸತೊಡಗಿದರು. ಗ್ರಾಮಸ್ಥರು ಅಲ್ಲಿಗೆ ಬರಲು ಒಪ್ಪದಿದ್ದುದಕ್ಕೆ ಮುಖ್ಯ ಕಾರಣ ಜೀವನೋಪಾಯಕ್ಕೆ ಸಂಬಂಧಿಸಿದ್ದು. ಅದರೊಂದಿಗೆ ಗುಮ್ಮಟವೆಂದರೆ ಗೋರಿಯ ನೆನಪಾಗುತ್ತಿತ್ತೆಂದೂ ಹೇಳುವುದುಂಟು. ಆ ಅನುಭವದ ಬಗ್ಗೆ ಅವರು ಬರೆದ ಪುಸ್ತಕ 1969ರಲ್ಲಿ ಮೊದಲು ಬಂದಾಗ ಅದರ ಹೆಸರು ಗೂರ್ನಾದ ಎರಡು ಗ್ರಾಮಗಳನ್ನು ಕುರಿತದ್ದಾಗಿತ್ತು. 1973ರಲ್ಲಿ ಅಮೆರಿಕದಲ್ಲಿ ಮರುಮುದ್ರಣವಾದಾಗ ‘ಬಡವರಿಗಾಗಿ ವಾಸ್ತುಶಿಲ್ಪ’ ಎಂಬರ್ಥದ ಹೆಸರಾಯಿತು. ಸದುದ್ದೇಶದ ಹೆಸರೇ ಸರಿ, ಆದರೆ ಯಾವ ಬಡವನೂ ತನ್ನ ಮನೆಯ ಗೋಡೆಯ ಮೇಲೆ ಆ ಮಾತು ಬರೆದಿರಬೇಕೆಂದು ಬಯಸುವುದಿಲ್ಲ. ಇತ್ತ 2014ರಲ್ಲಿ ಸ್ವಿಟ್ಜರ್ಲೆಂಡಿನ ಲೌಫೆನ್‌ನಲ್ಲಿ ಹೆರ್ಜೋಗ್ ಮತ್ತು ಡಿ ಮ್ಯೂರೋನ್ ವಿನ್ಯಾಸಗೊಳಿಸಿ, ಮಾರ್ಟಿನ್ ರೌಖ್ ಮಣ್ಣಿನ ಕೆಲಸ ಮಾಡಿದ ರಿಕೋಲಾ ಸಂಸ್ಥೆಯ ಕಟ್ಟಡದಲ್ಲಿ ಅದೇ ಮಣ್ಣು ಕಾರ್ಖಾನೆಯಲ್ಲಿ ಬಡಿದು ಮಾಡಿದ ಅಚ್ಚುಕಟ್ಟಾದ ತುಂಡುಗಳಾಗಿ ಬಂದು ಕುಳಿತಿತು. ಮಳೆಗೆ ಮಣ್ಣು ಸವೆಯುತ್ತದೆಂಬುದನ್ನು ರೌಖ್ ಮುಚ್ಚಿಡುವುದಿಲ್ಲ. ‘ಲೆಕ್ಕ ಹಾಕಿದ ಸವೆತ’ ಎಂದು ಕರೆದು, ಗೋಡೆಯಲ್ಲಿ ನಡುನಡುವೆ ಗಟ್ಟಿ ಪದರಗಳನ್ನಿಟ್ಟು ಸವೆತದ ವೇಗ ತಗ್ಗಿಸುತ್ತಾರೆ. ದೋಷವೆನ್ನಿಸುವುದಕ್ಕೆ ಹೆಸರು ಕೊಟ್ಟು, ಮಿತಿ ಕೊಟ್ಟು, ಕಣ್ಣಿಗೆ ಕಾಣುವಂತೆ ಇಟ್ಟಾಗ ಅದರ ಹೆದರಿಕೆ ಅರ್ಧ ಇಳಿಯುತ್ತದೆ. ಹಾಗಾಗಿ ನಿಮ್ಮ ಬರಹಗಳಲ್ಲಿ ‘ತ್ಯಾಜ್ಯ’, ‘ಅಗ್ಗ’, ‘ಕಡಿಮೆ ಆದಾಯದವರಿಗೆ’ ಎಂಬ ಮಾತುಗಳು ಬಾರದಂತೆ ನೋಡಿಕೊಳ್ಳಿ.

ಎಂಜಿನಿಯರು ತಲೆಯಾಡಿಸಿ ಸುಮ್ಮನಾಗುವುದು ಏಕೆಂದರೆ ನಿಮ್ಮ ವರದಿಯಲ್ಲಿ ಅವರ ವಾಕ್ಯಕ್ಕೆ ಸೇರಿಸಬಹುದಾದ ಪದ ಸಿಗುವುದಿಲ್ಲ. ಮರದ ವಿಷಯದಲ್ಲಿ ಆದದ್ದನ್ನು ನೋಡಿ. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ಹಲಗೆಗಳನ್ನು ಅಡ್ಡ ಉದ್ದ ಪದರಗಳಾಗಿ ಅಂಟಿಸಿ ಗೋಡೆಯಷ್ಟು ದೊಡ್ಡ ಫಲಕ ಮಾಡುವ ಪದ್ಧತಿ ಬೆಳೆದಾಗ, ‘ಮರ ಉರಿಯುತ್ತದಲ್ಲವೇ?’ ಎಂಬ ಒಂದೇ ಪ್ರಶ್ನೆಗೆ ಎಲ್ಲ ಮಾತೂ ನಿಲ್ಲುತ್ತಿತ್ತು. ‘ಉರಿಯುವುದಿಲ್ಲ’ ಎಂದು ಅವರು ಉತ್ತರಿಸಲಿಲ್ಲ. ದಪ್ಪ ಮರದ ಹೊರಮೈ ಮಿನಿಟಿಗೆ ಸುಮಾರು 0.65 ಮಿಲಿಮೀಟರ್ ವೇಗದಲ್ಲಿ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ, ಒಂದು ಗಂಟೆಯ ಬೆಂಕಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಬಿಟ್ಟು ಉಳಿದ ದಪ್ಪ ಭಾರ ಹೊರುವಂತೆ ಲೆಕ್ಕ ಹಾಕಬಹುದು ಎಂದರು; ಕೂಡವೇ ಸುಟ್ಟ ತೊಲೆಯನ್ನು ಅಡ್ಡ ಕೊಯ್ದು, ಕಪ್ಪು ಅಂಚಿನೊಳಗೆ ಹಸನಾಗಿ ಉಳಿದ ಮರವನ್ನು ತೋರಿಸುವ ಚಿತ್ರವನ್ನು ಮುಂದಿಟ್ಟರು. ಹೆದರಿಕೆ ಲೆಕ್ಕವಾಗಿ ಬದಲಾಯಿತು. ನಾರ್ವೆಯಲ್ಲಿ 2019ರಲ್ಲಿ 85 ಮೀಟರ್ ಎತ್ತರದ ಮರದ ಕಟ್ಟಡ ನಿಂತಿತು. ಅಮೆರಿಕದಲ್ಲಿ ಬಳಸುವ ‘ಅಂತಾರಾಷ್ಟ್ರೀಯ ಕಟ್ಟಡ ನಿಯಮಾವಳಿ’ಯ 2021ರ ಆವೃತ್ತಿ ಕೆಲವು ಷರತ್ತುಗಳೊಂದಿಗೆ 18 ಮಹಡಿಗಳವರೆಗೆ ಇಂಥ ಕಟ್ಟಡಗಳಿಗೆ ಎಡೆ ಮಾಡಿತು.

ಕಾನೂನಿನ ಒಂದು ಪದ ಎಷ್ಟು ಭಾರವಾಗಬಲ್ಲದೆಂಬುದಕ್ಕೆ ಹಾರುಬೂದಿ ಸಾಕ್ಷಿ. ಕಲ್ಲಿದ್ದಲಿನ ಈ ಬೂದಿಯನ್ನು ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿನ ಬದಲು ಬಳಸುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2010ರಲ್ಲಿ ವಿಲೇವಾರಿಯಾಗುವ ಬೂದಿಯನ್ನು ‘ಅಪಾಯಕಾರಿ ತ್ಯಾಜ್ಯ’ದ ಕಟ್ಟುಪಾಡಿಗೆ ತರುವ ಸಾಧ್ಯತೆಯನ್ನು ಮುಂದಿಟ್ಟಾಗ, ಹಾಗೆ ಕರೆದರೆ ಕಾಂಕ್ರೀಟಿನಲ್ಲಿ ಅದನ್ನು ಯಾರೂ ಮುಟ್ಟಲಾರರೆಂದು ಉದ್ಯಮದವರು ಗಟ್ಟಿಯಾಗಿ ವಾದಿಸಿದರು. 2014ರ ಅಂತಿಮ ನಿರ್ಧಾರದಲ್ಲಿ ಆ ಪದ ಬರಲಿಲ್ಲ. ಸಂಗ್ರಹದ ಕೆರೆಗಳಿಂದ ಆಗುವ ಮಾಲಿನ್ಯದ ಪ್ರಶ್ನೆ ಅದರಿಂದ ಮಾಯವಾಗಲಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು.

ಪದಗಳಿಂದ ಮೋಸವೂ ಸಾಧ್ಯ, ಅದರ ಬೆಲೆ ಜೀವಗಳಲ್ಲಿ ತೆರಬೇಕಾಗುತ್ತದೆ. ಕಲ್ನಾರು (ಆಸ್ಬೆಸ್ಟಾಸ್) ಬೆರೆಸಿದ ಸಿಮೆಂಟು ಹಾಳೆ 20ನೆಯ ಶತಮಾನದ ಆರಂಭದಲ್ಲಿ ‘ಎಟರ್ನಿಟ್’, ಅಂದರೆ ಶಾಶ್ವತವಾದದ್ದು, ಎಂಬ ಹೆಸರಿನಲ್ಲಿ ಬಂದು ಜಗತ್ತನ್ನು ತುಂಬಿತು. ಹೆಸರು ಸುಳ್ಳೇನಲ್ಲ, ಆದರೆ ಕಲ್ನಾರಿನ ಎಳೆ ಶ್ವಾಸಕೋಶದಲ್ಲಿಯೂ ಅಷ್ಟೇ ಶಾಶ್ವತವಾಗಿ ಕೂರುತ್ತದೆ. ಐರೋಪ್ಯ ಒಕ್ಕೂಟ 2005ರ ಹೊತ್ತಿಗೆ ಅದನ್ನು ಪೂರ್ತಿ ನಿಷೇಧಿಸಿತು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹಬ್ಬಿದ್ದು ಮುಖ್ಯವಾಗಿ ಹೊರಮೈಗೆ ಹೊದಿಸಿದ, ನಡುವೆ ಪಾಲಿಥೀನ್ ತಿರುಳಿದ್ದ ಫಲಕಗಳಿಂದ. 2024ರ ಸೆಪ್ಟೆಂಬರಿನಲ್ಲಿ ಬಂದ ವಿಚಾರಣೆಯ ಅಂತಿಮ ವರದಿ ಹೊದಿಕೆ ಮತ್ತು ನಿರೋಧಕ ಸಾಮಗ್ರಿಗಳನ್ನು ತಯಾರಿಸಿ ಮಾರಿದವರ ವ್ಯವಸ್ಥಿತ ಅಪ್ರಾಮಾಣಿಕತೆಯನ್ನು ಎತ್ತಿ ಹೇಳಿತು. ಅಲ್ಲಿ ಬಳಕೆಯಲ್ಲಿದ್ದ ‘ಕ್ಲಾಸ್ 0’ ಎಂಬ ದರ್ಜೆ ಬೆಂಕಿಯಲ್ಲಿ ಮೇಲ್ಮೈಯ ವರ್ತನೆಯನ್ನಷ್ಟೇ ಹೇಳುತ್ತಿತ್ತು. ಓದುವವನಿಗೆ ಮಾತ್ರ ಇಡೀ ಗೋಡೆಯೇ ಸುರಕ್ಷಿತವೆಂಬ ಭಾವನೆ ಬರುತ್ತಿತ್ತು. ಆ ದುರಂತದ ನಂತರ ಬ್ರಿಟನ್ನಿನಲ್ಲಿ 2021ರಲ್ಲಿ ಉತ್ಪನ್ನ ಮಾಹಿತಿಗೆಂದೇ ಒಂದು ಸಂಹಿತೆ ಬಂದಿತು. ‘ಪರಿಸರಸ್ನೇಹಿ’ ಎಂಬಂಥ ಆಧಾರವಿಲ್ಲದ ಸಾಮಾನ್ಯ ಮಾತುಗಳನ್ನು ನಿಷೇಧಿಸುವ ಐರೋಪ್ಯ ನಿರ್ದೇಶನ 2026ರ ಸೆಪ್ಟೆಂಬರಿನಿಂದ ಅನ್ವಯವಾಗುವಂತೆ ಗೊತ್ತುಮಾಡಿದ್ದಾರೆ. ನೀವು ಎಲ್ಲಿಯೇ ಮಾರಿದರೂ ಈ ಮಟ್ಟವನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಈಗ ನಿಮ್ಮ ಬ್ಲಾಕಿಗೆ ಬರೋಣ. ಹೆಸರು ಘಟಕಗಳನ್ನೂ ಕೆಲಸವನ್ನೂ ನೇರವಾಗಿ ಹೇಳಲಿ. ‘ಸುಣ್ಣ-ಕಾಂಡದ ತುಂಬುಗೋಡೆ ಬ್ಲಾಕ್’ ಎಂಬಷ್ಟು ಸಪ್ಪೆಯಾಗಿದ್ದರೂ ಚಿಂತೆಯಿಲ್ಲ. ಸುಣ್ಣವನ್ನು ಮೊದಲು ಹೇಳುವುದರಿಂದ ಅದು ಹುಲ್ಲಿನ ಪಕ್ಕದಿಂದ ಎದ್ದು ಗಾರೆಯ ಪಕ್ಕಕ್ಕೆ ಬರುತ್ತದೆ, ಅದು ಸತ್ಯವೂ ಹೌದು. ‘ತುಂಬುಗೋಡೆ’ ಎಂದೊಡನೆ ಭಾರ ಹೊರುವ ಚೌಕಟ್ಟು ಬೇರೆಯೇ ಬೇಕೆಂಬುದು ಎಂಜಿನಿಯರಿಗೆ ತಿಳಿಯುತ್ತದೆ. ಬ್ಲಾಕು ಯಾವ ಕೆಲಸಕ್ಕೆ ಅಲ್ಲವೆಂಬುದನ್ನು ಪುಸ್ತಿಕೆಯ ಮೊದಲ ಪುಟದಲ್ಲಿಯೇ ಬರೆಯಿರಿ. ವ್ಯಾಪಾರ ಕೆಡುತ್ತದೆಂದು ಪ್ರಚಾರದವರು ಹೇಳುವರು. ಹೊಣೆ ಹೊತ್ತು ಸಹಿ ಹಾಕುವ ಎಂಜಿನಿಯರು ಮಾತ್ರ ಅದನ್ನು ಓದಿದ ಮೇಲೆಯೇ ಉಳಿದದ್ದನ್ನು ನಂಬುತ್ತಾರೆ.

ಚಿತ್ರಗಳಲ್ಲಿ ಸಂಜೆಯ ಬಿಸಿಲಿನ ಮುಗಿದ ಮನೆ ಒಂದಿದ್ದರೆ ಸಾಕು, ಗಣಕದಲ್ಲಿ ರಚಿಸಿದ ಚಿತ್ರವಂತೂ ಬೇಡ. ಅದರ ಬದಲು ಗೋಡೆಯನ್ನು ಅಡ್ಡ ಕೊಯ್ದ ಚಿತ್ರ ಕೊಡಿ: ತಳಪಾಯದಿಂದ ಬ್ಲಾಕು ಎಷ್ಟು ಮೇಲೆ ಆರಂಭವಾಗುತ್ತದೆ, ಮಳೆಯ ಎರಚಲಿಗೆ ಏನು ತಡೆ, ಗಾರೆ ಎಷ್ಟು ದಪ್ಪ, ಕಿಟಕಿಯ ಚೌಕಟ್ಟು ಎಲ್ಲಿ ಕೂರುತ್ತದೆ ಎಂಬುದು ಅಳತೆಯೊಂದಿಗೆ ಕಾಣಲಿ. ಮನೆಯವರು ಬಾಯಿಬಿಟ್ಟು ಕೇಳದ ಪ್ರಶ್ನೆ, ‘ಈ ಗೋಡೆಗೆ ಕಪಾಟು ನೇತುಹಾಕಬಹುದೇ?’ ಎಂಬುದಕ್ಕೆ ಉತ್ತರವಾಗಿ, ತಿರುಪು ಎಲ್ಲಿ ಹಿಡಿಯುತ್ತದೆ, ಎಷ್ಟು ಭಾರ ತಡೆಯುತ್ತದೆ ಎಂಬ ಚಿತ್ರ ಇಡಿ. ಬೆಂಕಿಯ ಪರೀಕ್ಷೆ ಮಾಡಿಸಿದ್ದರೆ ಬೆಂಕಿ ತಾಗಿದ ಮೈ, ಅದರ ಹಿಂದಿನ ಮೈ ಎರಡರ ಚಿತ್ರವನ್ನೂ ಪರೀಕ್ಷೆಯ ದಿನಾಂಕ, ಗೋಡೆಯ ದಪ್ಪ, ಗಾರೆಯ ವಿವರಗಳೊಂದಿಗೆ ಮುದ್ರಿಸಿ. ಅತ್ಯಂತ ಹಳೆಯ ಗೋಡೆಯನ್ನು ಇಂದು ಇದ್ದಂತೆಯೇ, ಕಲೆ ಇದ್ದರೆ ಕಲೆಯ ಸಮೇತ ತೋರಿಸಿ. ಗೆದ್ದಲು, ತೇವಗಳ ಬಗ್ಗೆ ಪರೀಕ್ಷೆ ಎಷ್ಟನ್ನು ಹೇಳುತ್ತದೋ ಅಷ್ಟನ್ನೇ ಹೇಳಿ.

ಮೇಸ್ತ್ರಿಗಳನ್ನು ಮರೆಯಬೇಡಿ. ಮನೆ ಕಟ್ಟಿಸುವವರು ಪುಸ್ತಿಕೆ ಓದಿದ ಮೇಲೂ ಕೊನೆಗೆ ಕೇಳುವುದು ಅವರನ್ನೇ. ಅವರಿಗೆ ಬೇಕಾದದ್ದು ಮಾತಿಗಿಂತ ಚಿತ್ರಗಳ ಒಂದು ಹಾಳೆ: ಬ್ಲಾಕು ಕೊಯ್ಯುವುದು ಯಾವುದರಿಂದ, ನೀರು ಹೊಡೆಯಬೇಕೇ ಬೇಡವೇ, ಒಂದು ದಿನಕ್ಕೆ ಎಷ್ಟು ವರಸೆ ಏರಿಸಬಹುದು, ಗಾರೆ ಹಚ್ಚಲು ಎಷ್ಟು ದಿನ ಕಾಯಬೇಕು. ಇಷ್ಟು ತಿಳಿದ ಮೇಸ್ತ್ರಿ ನಿಮ್ಮ ಬ್ಲಾಕಿಗೆ ಯಾವ ಹೆಸರಿಟ್ಟು ಕರೆದರೂ ಕರೆಯಲಿ, ತಡೆಯಬೇಡಿ.

ಹುಲ್ಲಿನ ಕಂತೆಯಿಂದ ಗೋಡೆ ಕಟ್ಟುವವರಲ್ಲಿ ಒಂದು ವಾಡಿಕೆಯಿದೆ. ಗಾರೆ ಹಚ್ಚುವಾಗ ಒಳಗೋಡೆಯಲ್ಲಿ ಅಂಗೈಯಗಲದ ಒಂದು ಜಾಗ ಬಿಟ್ಟು, ಅದಕ್ಕೆ ಪುಟ್ಟ ಚೌಕಟ್ಟು, ಕೆಲವೊಮ್ಮೆ ಗಾಜು ಕೂರಿಸಿ, ಒಳಗಿನ ಹುಲ್ಲು ಕಾಣುವಂತೆ ಮಾಡುತ್ತಾರೆ. ಅದನ್ನು ‘ಸತ್ಯದ ಕಿಟಕಿ’ ಎಂದು ಕರೆಯುತ್ತಾರೆ. ಬಂದವರು ಅಲ್ಲಿ ಇಣುಕಿ, ಮುಟ್ಟಿ, ಒಣಗಿದೆಯೋ ಇಲ್ಲವೋ ತಾವೇ ನೋಡಿಕೊಳ್ಳುತ್ತಾರೆ. ಹಿಂದೆ ಹೇಳಿದ ಅಮೆರಿಕದ ವಾಸದ ಮನೆಗಳ ಮಾದರಿ ನಿಯಮಾವಳಿಗೆ 2015ರಲ್ಲಿ ಹುಲ್ಲಿನ ಕಂತೆಯ ಕಟ್ಟಡಗಳ ಅನುಬಂಧ ಸೇರುವ ಹೊತ್ತಿಗೆ ಇಂಥ ಮನೆಗಳು ಕಂಡು ಪರೀಕ್ಷಿಸುವಷ್ಟು ಸಂಖ್ಯೆಯಲ್ಲಿ ಇದ್ದವು, ಬೆಂಕಿಯ ಪರೀಕ್ಷೆಗಳೂ ಮುಗಿದಿದ್ದವು. ನೀವು ಕಟ್ಟುವ ಮೊದಲ ಕೆಲವು ಮನೆಗಳಲ್ಲಿ ಇಂಥ ಕಿಟಕಿಯೊಂದನ್ನು ಬಿಡಿಸಿ, ಅದರ ಬಳಿ ತೇವ ಅಳೆಯುವ ಸಣ್ಣ ಉಪಕರಣ ಕೂರಿಸಿ, ತಿಂಗಳಿಗೊಮ್ಮೆ ದೊರೆಯುವ ಅಂಕಿಗಳನ್ನು ಯಾರು ಕೇಳಿದರೂ ಕೊಡುವಂತೆ ಇಟ್ಟುಕೊಳ್ಳಿ. ಎರಡು ಮಳೆಗಾಲ ಕಳೆದ ಮೇಲೆ ಆ ಅಂಕಿಗಳ ಒಂದು ಪುಟವನ್ನು ವರದಿಯೊಂದಿಗೆ ಲಗತ್ತಿಸಿ, ಹಿಂದೆ ತಲೆಯಾಡಿಸಿ ಸುಮ್ಮನಾದ ಅದೇ ಎಂಜಿನಿಯರುಗಳಿಗೆ ಮತ್ತೊಮ್ಮೆ ಕಳುಹಿಸಿರಿ.